ಮಡಿಗೊಂದು ಕೋಟು

ಡಿಸೆಂಬರ್ ಬಂತೆಂದರೆ ನಾನು ನಮ್ಮ ಮನೆಯ ಮೊಸರಿನ ಪಾತ್ರೆಗೆ ಅಂಗಿ ತೊಡಿಸುತ್ತೇನೆ. ಪೂರ್ತಿ ಅಂಗಿಯಲ್ಲ, ಒಂದು ತೋಳು ಮಾತ್ರ. ಶಿರಸಿಯ ಚಳಿಗೆ ಹಾಲು ಹೆಪ್ಪುಗಟ್ಟದೆ ಸತಾಯಿಸುತ್ತದೆ. ಪಾತ್ರೆಯನ್ನು ಈ ತೋಳಿನೊಳಗೆ ತೂರಿಸಿ, ಎರಡು ಬಾಯಿಗೂ ದಾರ ಬಿಗಿದು ಒಲೆಯ ಪಕ್ಕ ಇಟ್ಟರೆ ಬೆಳಗಾಗುವಷ್ಟರಲ್ಲಿ ಗಟ್ಟಿ ಮೊಸರು ತಯಾರು.

ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಮೈಸೂರು ಕಡೆಯವರೊಬ್ಬರು ಸಕ್ಕರೆ ಕೇಳಲು ಬಂದಾಗ ಅದನ್ನು ನೋಡಿ, "ಇದೇನ್ರೀ, ಆನೆಮರಿಗೆ ಕಾಲುಚೀಲ ಹೊಲಿದಿದೀರಾ?" ಅಂದರು. ಅವರ ತಪ್ಪೇನಿಲ್ಲ. ಖಾಕಿ ಬಟ್ಟೆಯ ತೋಳು ಅದು, ಒಳಗೆ ಬೂರುಗದ ಹತ್ತಿ ತುಂಬಿ ಊದಿಕೊಂಡಿದೆ. ಮೊಣಕೈಯ ಜಾಗದಲ್ಲಿ ಸುಟ್ಟ ತೂತಿಗೆ ಹಾಕಿದ ತೇಪೆಯೂ ಇದೆ. "ಇದು ನಾನು ಹೊಲಿದ ಮೊದಲ ಕೋಟಿನ ತೋಳು" ಎಂದೆ. "ಮತ್ತೆ ಕೋಟೆಲ್ಲಿ?" ಅಂದರು. ಅದನ್ನು ಹೇಳಬೇಕೆಂದರೆ ಸಕ್ಕರೆ ಬಟ್ಟಲು ಕೆಳಗಿಟ್ಟು ಕೂರಬೇಕು. ಅವರ ಮನೆಯ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು, ಹೋದರು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ನನ್ನ ಅಪ್ಪಯ್ಯ ಅಡುಗೆ ಭಟ್ಟ. ಯಲ್ಲಾಪುರದಲ್ಲಿ ಲಾರಿಗಳು ನಿಲ್ಲುವ ಜಾಗದ ಹಿಂದೆ ನಮ್ಮ ಬಾಡಿಗೆ ಮನೆ ಇತ್ತು. ಮದುವೆ, ಉಪನಯನ, ತಿಥಿ ಏನಿದ್ದರೂ ಸುತ್ತಿನ ಹತ್ತೂರಿನವರು ಬಂದು ಅವನನ್ನು ಕರೆದೊಯ್ಯುತ್ತಿದ್ದರು. ಅವನ ಬಳಿ ಇದ್ದದ್ದು ಎರಡೇ ಅಂಗಿ, ಒಂದು ಬಸ್ಸಿಗೆ, ಇನ್ನೊಂದು ಆಸ್ಪತ್ರೆಗೆ. ಉಳಿದ ಹೊತ್ತೆಲ್ಲ ಸೊಂಟಕ್ಕೊಂದು ಪಂಚೆ, ಮೇಲೆ ಬರಿಮೈ. ಆಸ್ಪತ್ರೆಗೆಂದೇ ಒಂದು ಅಂಗಿ ಯಾಕೆಂದರೆ, ಮೂವತ್ತು ವರ್ಷ ಸೌದೆಯ ಹೊಗೆ ಕುಡಿದ ಎದೆ ಅದು. ಚಳಿ ಬಿತ್ತೆಂದರೆ ದಮ್ಮು ಶುರು. ಉಸಿರೆಳೆದರೆ ಹಳೆಯ ಹಾರ್ಮೋನಿಯಮ್ಮಿನ ಸದ್ದು ಬರುತ್ತಿತ್ತು.

ಆ ವರ್ಷ, ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು, ಚೌತಿ ಕಳೆದ ವಾರ ಶಿರಸಿಯಿಂದ ಟೂರಿನ ಹೆಗಡೆಯವರು ಬಂದರು. ವರ್ಷಕ್ಕೊಮ್ಮೆ ಒಂದು ಬಸ್ಸು ಜನರನ್ನು ಕಾಶಿ, ಬದರಿ ಎಂದು ಸುತ್ತಿಸಿ ತರುವವರು ಅವರು. ಹಿಂದಿನ ವರ್ಷದ ಅಡುಗೆಯವರು ಹರಿದ್ವಾರದಿಂದ ಮೇಲೆ ಒಂದು ಹೆಜ್ಜೆಯೂ ಬರುವುದಿಲ್ಲವೆಂದು ಕೂತುಬಿಟ್ಟಿದ್ದರಂತೆ. ಬರಿಮೈಯಲ್ಲಿ ಒಲೆಯ ಮುಂದೆ ನಿಂತರೆ ಹೊಟ್ಟೆ ಬೇಯುತ್ತದೆ, ಬೆನ್ನು ಮರಗಟ್ಟುತ್ತದೆ. "ದಸರಾ ಮುಗಿದ ಮೇಲೆ ಹೊರಡೂದು. ಭಟ್ರೇ, ನಿಮ್ಮ ಕೈಲಿ ಆಗ್ತಾ?" ಎಂದು ಕೇಳಿದರು.

"ಆಗ್ತು" ಅಂದುಬಿಟ್ಟ ಅಪ್ಪಯ್ಯ.

ಆಯಿ, ಅಂದರೆ ನನ್ನ ಅಮ್ಮ, ಕೈಯಲ್ಲಿದ್ದ ಲೋಟವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟಳು. ಹೆಗಡೆಯವರು ಹೋದ ಮೇಲೆ, "ಇಲ್ಲಿ ಮಾಗಿ ಚಳಿಗೇ ಉಸಿರು ಸಿಕ್ತಿಲ್ಲೆ. ನಿಂಗ ಅಲ್ಲಿ ಹೋಗಿ ಎಂತ ಮಾಡ್ತ್ರಿ?" ಅಂದಳು.

ಅಪ್ಪಯ್ಯ ತಲೆ ಕೆರೆದುಕೊಂಡ. "ಹುಟ್ಟಿದಾಗಿಂದ ಬೆಂಕಿ ನೋಡ್ತಾ ಇದ್ದಿ. ಒಂದ್ಸಲ ಹಿಮ ನೋಡವು ಹೇಳಿ ಆಶೆ" ಅಂದ.

ನನಗೆ ಆಶ್ಚರ್ಯವಾಯಿತು. ಅಪ್ಪಯ್ಯನಿಗೆ ಹೀಗೊಂದು ಆಶೆ ಇದೆಯೆಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ. ಸೌಟು ಹಿಡಿಯದೆ ಅವನು ಊರು ಬಿಟ್ಟವನೇ ಅಲ್ಲ. ಹಿಮಾಲಯಕ್ಕಾದರೂ ಸೌಟು ಹಿಡಿದೇ ಹೋಗಬೇಕಿತ್ತು. ಆಯಿ ಕೆಳಗಿಟ್ಟ ಲೋಟವನ್ನು ಎತ್ತಿಕೊಂಡು, "ಎದೆ ಬೆಚ್ಚಗಿರ್ತು ಹೇಳಿ ಯಂಗೆ ಖಾತ್ರಿ ಆಗವು. ಇಲ್ದಿದ್ರೆ ಹೋಪದು ಬ್ಯಾಡ" ಅಂದಳು. ಆಮೇಲೆ ಇಬ್ಬರೂ ನನ್ನ ಕಡೆ ನೋಡಿದರು.

ಯಾಕೆಂದರೆ ಶಿರಸಿಯಲ್ಲಿ ಆರು ತಿಂಗಳ ಹೊಲಿಗೆ ಕ್ಲಾಸು ಮುಗಿಸಿ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿ ನನಗೆ ಎರಡು ತಿಂಗಳಾಗಿತ್ತು. ಕ್ಲಾಸಿನಲ್ಲಿ ನಾನು ಹೊಲಿದ ಮೊದಲ ಶರ್ಟಿನ ಎರಡು ತೋಳೂ ಎಡಗೈಯದ್ದೇ ಆಗಿದ್ದವು ಎಂಬ ಸಂಗತಿ ಆ ಸರ್ಟಿಫಿಕೇಟಿನಲ್ಲಿ ಬರೆದಿರಲಿಲ್ಲ. ಕೋಟು ಎಂಬುದನ್ನು ನಾನು ವಕೀಲರ ಮೈಮೇಲೆ ಮಾತ್ರ ನೋಡಿದ್ದೆ. ಆದರೆ ಕ್ಲಾಸಿನ ಟೀಚರು ಒಂದು ಮಾತು ಹೇಳಿದ್ದು ನೆನಪಿತ್ತು: ಚಳಿಯ ಕೋಟಿಗೆ ಮೂರು ಪದರ. ಹೊರಗಿನದು ಗಾಳಿಗೆ, ಒಳಗೆ ಮೈಗೆ ತಾಗುವ ಅಸ್ತರ ಹಿತಕ್ಕೆ, ನಡುವೆ ತುಂಬುವುದು ಬಿಸಿಗೆ. ಈ ಮೂರಕ್ಕೂ ಏನು ಹಾಕಬೇಕೆಂದು ಮಾತ್ರ ಅವರು ಹೇಳಿರಲಿಲ್ಲ. ಶಿರಸಿಯಲ್ಲಿ ಯಾರು ಕೇಳುತ್ತಾರೆ ಅದನ್ನು?

ಹಾಗಾಗಿ ನಾನೇ ಪರೀಕ್ಷೆಗಿಳಿದೆ. ಒಂದು ಮಧ್ಯಾಹ್ನ ಊಟವಾದ ಮೇಲೆ ಐದು ಚೊಂಬುಗಳಲ್ಲಿ ಕುದಿಯುವ ನೀರು ತುಂಬಿ, ಒಂದಕ್ಕೆ ಹಳೆಯ ಕಂಬಳಿ, ಒಂದಕ್ಕೆ ಬೂರುಗದ ಹತ್ತಿಯ ದಿಂಬು, ಒಂದಕ್ಕೆ ಹುಲ್ಲು, ಒಂದಕ್ಕೆ ಆಯಿಯ ಸೀರೆ, ಒಂದಕ್ಕೆ ಹದಿನೈದು ದಿನದ ಪೇಪರು ಸುತ್ತಿ ಸಾಲಾಗಿ ಇಟ್ಟೆ. ಸಂಜೆ ಚಹಾದ ಹೊತ್ತಿಗೆ ಬಿಚ್ಚಿ ಬೆರಳದ್ದಿ ನೋಡುವುದು. ಅಪ್ಪಯ್ಯ ಉತ್ಸಾಹದಿಂದ ಐದಕ್ಕೂ ಬೆರಳದ್ದಿ, "ಎಲ್ಲಾ ತಣ್ಣಗಿದ್ದು" ಅಂದ. ಕುದಿಯುವ ಎಣ್ಣೆಯಿಂದ ವಡೆಯನ್ನು ಕೈಯಲ್ಲೇ ತೆಗೆಯುವ ಮನುಷ್ಯನ ಬೆರಳನ್ನು ನಂಬಿ ಪರೀಕ್ಷೆ ಮಾಡಿದ್ದು ನನ್ನ ದಡ್ಡತನ. ಕೊನೆಗೆ ಆಯಿಯ ಬೆರಳೇ ಥರ್ಮಾಮೀಟರಾಯಿತು. ಬೂರುಗದ ಹತ್ತಿಗೆ ಮೊದಲ ಸ್ಥಾನ, ಕಂಬಳಿಗೆ ಎರಡನೆಯದು ಸಿಕ್ಕಿತು. ಪೇಪರು ಹುಲ್ಲನ್ನು ಸೋಲಿಸಿತು. ಅದನ್ನು ಕೇಳಿ, ದಿನಾ ಪೇಪರು ಓದುವ ಅಪ್ಪಯ್ಯನಿಗೆ ಬಹಳ ಸಂತೋಷವಾಯಿತು.

ಬೂರುಗದ ಹತ್ತಿ ಗೊತ್ತಲ್ಲ, ಮರದ ಕಾಯಿ ಒಡೆದಾಗ ಹಾರುವ ಅರಳೆ. ಇಡಗುಂದಿ ಕಡೆಯಿಂದ ಒಂದು ಚೀಲ ತರಿಸಿದೆವು. ಲಾರಿ ಡ್ರೈವರುಗಳು ಹಾಕುವಂಥ ಖಾಕಿ ಬಟ್ಟೆ ತಂದು, ಮಷಿನ್ನಿನಲ್ಲಿ ಒಂದು ತೋಳು ಹೊಲಿದು ತುಂಬಿದೆ. ಅಪ್ಪಯ್ಯ ಆ ಒಂಟಿ ತೋಳನ್ನು ಬಲಗೈಗೆ ಏರಿಸಿಕೊಂಡು, ನೋಡಿಯೇ ಬಿಡುವ ಎಂದು ಒಲೆಯ ಮುಂದೆ ನಿಂತು ಗೊಜ್ಜು ತಿರುವತೊಡಗಿದ. ಬಿಸಿ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ನಾನು ಯೋಚಿಸಿದ್ದೆ. ಬೆಂಕಿ ಎಲ್ಲಿಂದ ಬರುತ್ತದೆ ಎಂಬ ಬಗ್ಗೆ ಯೋಚಿಸಿರಲಿಲ್ಲ. ಸೌದೆಯಿಂದ ಒಂದು ಕಿಡಿ ಹಾರಿ ಮೊಣಕೈಗೆ ಕೂತಿತು. ಜ್ವಾಲೆ ಏಳಲಿಲ್ಲ, ಒಳಗೊಳಗೇ ಹತ್ತಿಕೊಂಡಿತು. ಅಪ್ಪಯ್ಯನಿಗೆ ಗೊತ್ತೇ ಆಗಲಿಲ್ಲ. ಅವನ ಮೊಣಕೈಯಿಂದ ಹೊಗೆ ಏಳುವುದನ್ನು ಆಯಿ ನೋಡಿ, ಕೈಗೆ ಸಿಕ್ಕಿದ ಮಜ್ಜಿಗೆ ಪಾತ್ರೆಯನ್ನೇ ಎರಚಿದಳು. ಅಪ್ಪಯ್ಯ ಮೊದಲು ನೋಡಿಕೊಂಡದ್ದು ಮಜ್ಜಿಗೆ ಗೊಜ್ಜಿಗೆ ಬಿತ್ತೋ ಹೇಗೆ ಎಂಬುದನ್ನು.

ಅಲ್ಲಿಗೆ ಹತ್ತಿಯ ಕತೆ ಮುಗಿಯಿತು. ನಾನು ಸಂತೆಗೆ ಹೋಗಿ ನಿಂಗವ್ವನ ಮುಂದೆ ಕೂತೆ. ಮುಂಡಗೋಡದ ಕಡೆಯಿಂದ ಬಂದು ಯಲ್ಲಾಪುರದ ಸಂತೆಯಲ್ಲಿ ಕಂಬಳಿ ಮಾರುವ ಹೆಂಗಸು ಆಕೆ. "ಯಾವ ಕಂಬಳಿ ಹೆಚ್ಚು ಬಿಸಿ?" ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟಳು.

"ಕಂಬಳ್ಯಾಗ ಬಿಸಿ ಇಟ್ಟಿರ್ತೇವೇನ್ರೀ ತಂಗಿ? ಬಿಸಿ ನಿಮ್ಮ ಮೈಯಾಂದ. ಅದನ್ನ ಹೊರಗ ಬಿಡೂದಿಲ್ಲ ಇದು, ಅಷ್ಟ."

ಈ ಮಾತು ನನ್ನನ್ನು ಎಷ್ಟು ಹಿಡಿಯಿತೆಂದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಅಲ್ಲಿಯವರೆಗೆ ಕಂಬಳಿಯೇ ಬೆಚ್ಚಗಿರುತ್ತದೆ ಎಂದು ನಂಬಿದ್ದೆ. ನಿಂಗವ್ವ ಅಷ್ಟಕ್ಕೇ ಬಿಡಲಿಲ್ಲ. ಒಂದು ಹಿಡಿ ಬಿಡಿ ಉಣ್ಣೆ ತೆಗೆದು ಕಡ್ಡಿ ಗೀರಿ ಹಿಡಿದಳು. ಉಣ್ಣೆ ಮುದುಡಿತು, ಕೂದಲು ಸುಟ್ಟ ವಾಸನೆ ಬಂತು, ಬೆಂಕಿ ತಾನಾಗಿ ಆರಿತು. "ನಡುವ ಇದನ್ನ ತುಂಬ್ರಿ. ಆದ್ರ ಕೌದಿಗೆ ಹಾಕಿದಂಗ ಸಣ್ಣ ಸಣ್ಣ ಚೌಕ ಹೊಲಗಿ ಹಾಕ್ರಿ. ಇಲ್ಲಾಂದ್ರ ಉಣ್ಣಿ ಎಲ್ಲಾ ಜಾರಿ ಕೆಳಗ ಕುಂದರ್ತೈತಿ. ಹೊಟ್ಟಿ ಬೆಚ್ಚಗ, ಹೆಗಲು ತಣ್ಣಗ ಆಕ್ಕೈತಿ" ಅಂದಳು. ಎರಡು ಕರಿ ಕಂಬಳಿ, ಒಂದು ಚೀಲ ಉಣ್ಣೆ ಹೊತ್ತು ಬಂದೆ. ಅಂಟುವಾಳದ ನೊರೆಯಲ್ಲಿ ಮೂರು ಸಲ ತೊಳೆದರೂ ವಾರದ ತನಕ ಮನೆಗೆ ಕುರಿಗಳು ಬಂದು ಹೋದ ವಾಸನೆ ಇತ್ತು.

ಇಷ್ಟಾದರೂ ದೊಡ್ಡ ಪರೀಕ್ಷೆ ಬಾಕಿ ಇತ್ತು. ಅದು ತ್ಯಾಗಲಿಯ ಗೌರಜ್ಜಿಯದು.

ಬಸ್ಸಿನ ಹನ್ನೊಂದು ಸೀಟು ಗೌರಜ್ಜಿ ಮತ್ತು ಅವರ ಕಡೆಯವರದ್ದು. ಅಜ್ಜಿ ಊಟ ಮಾಡಿದರೆ ಬಸ್ಸೆಲ್ಲ ಊಟ ಮಾಡುತ್ತದೆ, ಅಜ್ಜಿ ಬೇಡವೆಂದರೆ ಬೇರೆ ಭಟ್ಟರನ್ನು ನೋಡಬೇಕಾಗುತ್ತದೆ ಎಂದು ಹೆಗಡೆಯವರು ಮೊದಲೇ ಹೇಳಿದ್ದರು. ಅಜ್ಜಿಯದು ಕಟ್ಟುನಿಟ್ಟಿನ ಮಡಿ. ನಮ್ಮಲ್ಲಿ ಮಡಿಯೆಂದರೆ ಬರೀ ಸ್ನಾನವಲ್ಲ, ಅದು ಬಟ್ಟೆಯ ಲೆಕ್ಕಾಚಾರವೂ ಹೌದು. ಹತ್ತಿಯದಾದರೆ ಒಗೆದು, ಯಾರೂ ಮುಟ್ಟದಂತೆ ಒಣಗಿಸಿ ಉಡಬೇಕು. ರೇಷ್ಮೆ, ಉಣ್ಣೆಗೆ ಆ ರಗಳೆ ಇಲ್ಲ, ಅವು ಹುಟ್ಟಾ ಮಡಿ. ಆದರೆ ಯಾವ ನೂಲಿನದ್ದೇ ಆಗಲಿ, ಕತ್ತರಿಸಿ ಹೊಲಿದ ಬಟ್ಟೆ ಮಡಿಗೆ ಸಲ್ಲದು. ಅಡುಗೆಯವರ ಬರಿಮೈಗೆ ಕಾರಣ ಇದೇ; ಕಂಬಳಿ ಹೊದ್ದರೆ ಸೌಟು ತಿರುವುವಾಗ ಜಾರಿ ಒಲೆಗೆ ಬೀಳುತ್ತದೆ. ಕೋಟನ್ನು ಹೊಲಿಯದೆ ಮಾಡುವ ವಿದ್ಯೆ ನನ್ನ ಕ್ಲಾಸಿನಲ್ಲಿ ಕಲಿಸಿರಲಿಲ್ಲ.

ಅಪ್ಪಯ್ಯನೂ ನಾನೂ ಬಸ್ಸು ಹಿಡಿದು ತ್ಯಾಗಲಿಗೆ ಹೋದೆವು. ಕೆಂಪು ಸೀರೆ ಉಟ್ಟು, ಸೆರಗನ್ನು ಬೋಳು ತಲೆಯ ಮೇಲೆ ಹೊದ್ದು ಅಜ್ಜಿ ಮಣೆಯ ಮೇಲೆ ಕೂತಿದ್ದರು. ಹದಿನಾರನೆಯ ವಯಸ್ಸಿಗೆ ಗಂಡ ತೀರಿಕೊಂಡ ಮೇಲೆ ಅವರದು ಅದೇ ವೇಷವಂತೆ. ರವಿಕೆ ಇಲ್ಲ, ಬಳೆ ಇಲ್ಲ. ನಾನು ಚೀಲದಿಂದ ಕಂಬಳಿ ತುಂಡು, ಉಣ್ಣೆ ಎಲ್ಲ ತೆಗೆದು ಮುಂದಿಟ್ಟೆ. ಅವರು ಉಣ್ಣೆಯನ್ನು ಬೆರಳಲ್ಲಿ ಹಿಂಜಿ ನೋಡಿದರು.

"ಉಣ್ಣೆ ಆಗ್ತು. ಹೊಲಿದದ್ದು ಹಾಕ್ಯಂಡು ಅಡಿಗೆ ಮಾಡಿರೆ ಆನು ಉಂಬ್ದಿಲ್ಲೆ" ಅಂದರು.

ಅಪ್ಪಯ್ಯ ಗಂಟಲು ಸರಿಮಾಡಿಕೊಂಡ. "ಅಜ್ಜೀ, ಕಂಬಳಿ ಹರಿದ್ರೆ ಹೊಲಿತ್ವಲೀ?"

"ಹೊಲಿತ."

"ಹೊಲಿದ ಮೇಲೂ ಅದು ಮಡಿಗೆ ಆಗ್ತಲೀ?"

"ಆಗ್ತು."

"ಹಾಂಗಾರೆ ಇದೂ ಒಂದು ಹರಿದ ಕಂಬಳಿ ಹೇಳಿ ತಿಳ್ಕಂಡ್ರಾತು. ಸ್ವಲ್ಪ ಜಾಸ್ತಿ ಹರಿದಿದ್ದು."

ಒಳಗಿನಿಂದ ಯಾರೋ ಕಿಸಕ್ಕೆಂದರು. ಅಜ್ಜಿ ನಗಲಿಲ್ಲ. ಅವರು ನಿಜವಾಗಿಯೂ ಯೋಚಿಸುತ್ತಿದ್ದರು. ಇಂಥ ಪ್ರಶ್ನೆಯನ್ನು ಅವರ ಮುಂದೆ ಯಾರೂ ಇಟ್ಟಿರಲಿಲ್ಲವೆಂದು ಕಾಣುತ್ತದೆ. "ಹತ್ತಿ ದಾರ ಒಂದೆಳೆಯೂ ಇಪ್ಪಲಾಗ. ರೇಷ್ಮೆ ದಾರದಲ್ಲಿ ಕೈಯಲ್ಲೇ ಹೊಲಿಯವು. ಮಷಿನ್ನಿಗೆ ಎಂತ ಎಣ್ಣೆ ಹಾಕ್ತ್ವೋ ಯಾರಿಗೆ ಗೊತ್ತಿದ್ದು" ಅಂದರು. ಆಮೇಲೆ, "ಗುಂಡಿ ಎಂತದು? ಎಲುಬಿಂದು ಆಗ್ತಿಲ್ಲೆ."

"ಕರಟದ್ದು ಮಾಡ್ತಿ" ಅಂದ ಅಪ್ಪಯ್ಯ.

ನಾನು ಧೈರ್ಯ ಮಾಡಿ, "ಅಸ್ತರಕ್ಕೆ ರೇಷ್ಮೆ ಬೇಕು ಅಜ್ಜೀ. ಕಂಬಳಿ ಬರಿಮೈಗೆ ಚುಚ್ಚುತ್ತು. ಬಣ್ಣ ಯಾವ್ದು ಆಗ್ಲಕ್ಕು?" ಎಂದು ಕೇಳಿದೆ.

"ಒಳಗಿಂದು ಯಾರಿಗೂ ಕಾಣ್ತಿಲ್ಲೆ. ಎಂತದಾದ್ರೂ ಆಗ್ತು" ಅಂದರು.

ರೇಷ್ಮೆಗೆ ಎಲ್ಲಿಗೆ ಹೋಗುವುದು? ನಾನು ಎರಡು ದಿನ ಮುಖ ಸಪ್ಪೆ ಮಾಡಿಕೊಂಡು ತಿರುಗಿದೆ. ಮೂರನೆಯ ದಿನ ಆಯಿ ಟ್ರಂಕು ತೆಗೆದು ತನ್ನ ಧಾರೆ ಸೀರೆಯನ್ನು ನನ್ನ ಮಡಿಲಿಗೆ ಹಾಕಿದಳು. ಗಿಳಿಹಸಿರು ರೇಷ್ಮೆ. ಮಡಿಕೆಯಲ್ಲಿ ಅಲ್ಲಲ್ಲಿ ಹಿಸಿದಿತ್ತು, ಆದರೆ ಬಣ್ಣ ಮಾತ್ರ ಆಗತಾನೇ ಬಿಚ್ಚಿದ ಬಾಳೆಸುಳಿಯಷ್ಟು ಹೊಸದಾಗಿತ್ತು. "ಕತ್ತರಿಸವನೇ ಆಯೀ?" ಅಂದೆ. "ಕತ್ತರಿಸದೆ ಕೋಟು ಹೆಂಗಾಗ್ತೇ ಕೂಸೆ?" ಅಂದು ಒಳಗೆ ಹೋದಳು. ನನಗೆ ಕತ್ತರಿ ಹಾಕಲು ಅರ್ಧ ದಿನ ಬೇಕಾಯಿತು. ಹೊಲಿಯುವ ದಾರವನ್ನೂ ಅದೇ ಸೀರೆಯಿಂದ ಎಳೆ ಎಳೆಯಾಗಿ ಬಿಡಿಸಿದೆವು.

ಇಪ್ಪತ್ತಮೂರು ದಿನ ಕೈಯಲ್ಲಿ ಹೊಲಿದೆ. ಉಣ್ಣೆಗೆ ಚೌಕಾಕಾರದ ಹೊಲಿಗೆ ಹಾಕಿ ಹಾಕಿ ಬೆರಳ ತುದಿಯೆಲ್ಲ ಜರಡಿಯಂತಾಯಿತು. ಈ ಸಲ ಬಲಗೈಗೊಂದು, ಎಡಗೈಗೊಂದು ತೋಳು ಇದೆಯೇ ಎಂದು ದಿನಕ್ಕೆ ನಾಲ್ಕು ಸಲ ನೋಡುತ್ತಿದ್ದೆ. ಮುಗಿದ ಮೇಲೆ ಕೋಟನ್ನು ಪರೀಕ್ಷಿಸಲು ಚಳಿ ಬೇಕಲ್ಲ? ಯಲ್ಲಾಪುರದಲ್ಲಿ ಹಿಮಕ್ಕೆ ಹತ್ತಿರದ್ದೆಂದರೆ ಅಂಕೋಲೆಯಿಂದ ಬರುವ ಮೀನಿನ ಲಾರಿಯ ಐಸು. ಅದರ ಪಕ್ಕ ಅಪ್ಪಯ್ಯನನ್ನು ಮಡಿ ಕೋಟು ತೊಡಿಸಿ ನಿಲ್ಲಿಸುವ ಧೈರ್ಯ ನಮಗಿರಲಿಲ್ಲ. ಕೊನೆಗೆ ಅವನೇ ಬೆಳಗಿನ ಚಳಿಯಲ್ಲಿ ಬಾವಿಯ ನೀರು ಎಂಟು ಕೊಡ ಸುರಿದುಕೊಂಡು, ನಡುಗುತ್ತ ಬಂದು ಕೋಟು ತೊಟ್ಟು ಕೂತ. ಸ್ವಲ್ಪ ಹೊತ್ತಿನ ಮೇಲೆ ಆಯಿ ತನ್ನ ಅಂಗೈಯನ್ನು ಕೋಟಿನೊಳಗೆ ತೂರಿಸಿ ಅವನ ಎದೆಯ ಮೇಲಿಟ್ಟಳು. ಬಹಳ ಹೊತ್ತು ತೆಗೆಯಲಿಲ್ಲ. "ಬೆಚ್ಚಗಿದ್ದು. ಹೋಗಿಬನ್ನಿ" ಅಂದಳು.

ಅಪ್ಪಯ್ಯ ಹೋದ. ಹೃಷೀಕೇಶದಿಂದ ಒಂದು ಸಲ ಪಕ್ಕದ ಮನೆಯ ಫೋನಿಗೆ ಎಸ್‌ಟಿಡಿ ಮಾಡಿ, "ಇನ್ನೂ ಹಿಮ ಬೈಂದಿಲ್ಲೆ" ಎಂದು ಹೇಳಿ ಇಟ್ಟ. ಆಮೇಲೆ ಸುದ್ದಿಯಿಲ್ಲ. ಆಯಿ ಹಗಲೆಲ್ಲ ಕ್ಯಾಲೆಂಡರಿನ ಮುಂದೆಯೇ ಓಡಾಡುತ್ತಿದ್ದಳು. ತಿಂಗಳು ಕಳೆದು ಅವನು ಮರಳಿ ಬಂದಾಗ ಮೈಮೇಲೆ ಯಾರದೋ ನೀಲಿ ಸ್ವೆಟರ್ ಇತ್ತು. ಕೋಟು ಇರಲಿಲ್ಲ. ಎದೆಯಲ್ಲಿ ಹಾರ್ಮೋನಿಯಂ ಇಲ್ಲವೆಂದು ಆಯಿಗೆ ಸಮಾಧಾನ; ನನಗೆ ಮಾತ್ರ ಸಿಟ್ಟು ನೆತ್ತಿಗೇರಿತು. ಇಪ್ಪತ್ತಮೂರು ದಿನದ ಕೆಲಸ, ಆಯಿಯ ಧಾರೆ ಸೀರೆ. "ಕಳೆದ್ಯಾ?" ಎಂದು ಕೇಳಿದೆ, ಅಪ್ಪನೆಂದೂ ನೋಡದೆ.

"ತಡಿಯೇ, ಹೇಳ್ತಿ" ಎಂದು ಕೂತ.

ಬದರಿ ಮುಟ್ಟಿದ ದಿನ ಬೆಳಿಗ್ಗೆ ಹಿಮ ಬಿದ್ದಿತ್ತಂತೆ. ಉಪ್ಪಿನ ಹಾಗೆ ಕಂಡಿತಂತೆ. ಕೈಯಲ್ಲಿ ಹಿಡಿದರೆ ಸುಟ್ಟಿತಂತೆ. ಬೆಂಕಿಗೆ ಸುಡದ ಅಪ್ಪಯ್ಯನ ಬೆರಳನ್ನು ಹಿಮ ಸುಟ್ಟಿತು. ಬಾಯಿಗೂ ಹಾಕಿ ನೋಡಿದನಂತೆ. "ರುಚಿ ಇಲ್ಲೆ. ಒಂದು ಚೂರು ಬೆಲ್ಲ ಬೇಕಾಗಿತ್ತು" ಅಂದ. ನಾನಿನ್ನೂ ಸಿಟ್ಟಿನಲ್ಲೇ ಇದ್ದೆ.

ಒಲೆ ಹಚ್ಚಬೇಕೆಂದು ಕೋಟು ತೊಟ್ಟು ಬರುವಾಗ, ಗೌರಜ್ಜಿ ಸ್ನಾನ ಮುಗಿಸಿ ಬಂದು ಮೂಲೆಯಲ್ಲಿ ಕೂತಿದ್ದರಂತೆ. ಹೊದೆಯಲು ತಂದಿದ್ದ ಕಂಬಳಿ ಬಸ್ಸಿನ ಮೇಲೆ ನೆನೆದು ಹೋಗಿತ್ತು. ತುಟಿ ನೇರಳೆ ಬಣ್ಣಕ್ಕೆ ತಿರುಗಿ, ಹಲ್ಲು ಕಟಕಟ ಅನ್ನುತ್ತಿತ್ತು. ಯಾರದೋ ಹತ್ತಿ ಶಾಲು, ಯಾರದೋ ಸ್ವೆಟರ್ ಕೊಡಲು ಹೋದರೆ ಮಡಿಯೆಂದು ತಲೆ ಅಲ್ಲಾಡಿಸಿದರು. ಅಪ್ಪಯ್ಯ ಕೋಟು ಬಿಚ್ಚಿ ಮುಂದೆ ಹಿಡಿದ. ಅಜ್ಜಿ ಅದನ್ನೇ ಸ್ವಲ್ಪ ಹೊತ್ತು ನೋಡಿ, "ಕೈ ಎಲ್ಲಿ ಹಾಕದು?" ಎಂದು ಕೇಳಿದರಂತೆ.

"ತೋಳು ಎಲ್ಲಿ ಶುರುವಾಗ್ತು ಹೇಳಿ ಅಜ್ಜಿಗೆ ಗೊತ್ತಿಲ್ಲೆ" ಅಂದ ಅಪ್ಪಯ್ಯ. "ಸಣ್ಣ ಹುಡುಗ್ರಿಗೆ ತೊಡಿಸ್ತ್ವಲಿ, ಹಂಗೆ ಒಂದೊಂದೇ ಕೈ ಹಿಡಿದು ತೂರಿಸ್ದಿ."

ಆಮೇಲೆ ಅವನು ಬರಿಮೈಯಲ್ಲೇ ಒಲೆ ಹಚ್ಚಲು ಹೋದ. ನಾಲ್ಕು ಉಸಿರು ಎಳೆಯುವಷ್ಟರಲ್ಲಿ ದಮ್ಮು ಎದ್ದಿತು. ಸದ್ದು ಕೇಳಿ ಅಜ್ಜಿ ಕೂತಲ್ಲಿಂದಲೇ, "ಭಟ್ಟಾ, ಆ ಡ್ರೈವರನ ಸ್ವೆಟರ್ ಇಸ್ಕಂಡು ಹಾಕ್ಯ" ಅಂದರಂತೆ.

"ಅದು ಮಡಿಗೆ ಆಗ್ತಿಲ್ಲೆ ಅಜ್ಜೀ. ನಿಂಗ ಉಂಬುದಿಲ್ಲೆ ಹೇಳಿದ್ರಿ."

"ಆನೇ ಹೊಲಿದದ್ದು ಹಾಕ್ಯಂಡು ಕೂತಿದ್ದಿ. ನೀ ಅಡಿಗೆ ಮಾಡು. ಆನು ಉಣ್ತಿ."

ಮತ್ತು ಉಂಡರು. ಬಸ್ಸೆಲ್ಲ ಉಂಡಿತು. ಕೋಟನ್ನು ಅಜ್ಜಿ ವಾಪಸು ಕೊಡಲಿಲ್ಲ, ಅಪ್ಪಯ್ಯ ಕೇಳಲೂ ಇಲ್ಲ. ಅಷ್ಟು ಲೆಕ್ಕ ಹಾಕಿ, ಒಂದೆಳೆ ಹತ್ತಿ ಸೇರದಂತೆ ನಾನು ಹೊಲಿದ ಮಡಿ ಕೋಟನ್ನು ತೊಟ್ಟು ಬದರಿಯಲ್ಲಿ ಅಪ್ಪಯ್ಯ ಒಂದು ಲೋಟ ನೀರನ್ನೂ ಕಾಯಿಸಲಿಲ್ಲ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ, ನಗು ಬಂತು.

ಎರಡು ವಾರ ಬಿಟ್ಟು ಗೌರಜ್ಜಿಯಿಂದ ನನಗೆ ಕರೆ ಬಂತು: ಕೋಟು ದೊಡ್ಡದಾಗ್ತು, ಸಣ್ಣ ಮಾಡಿಕೊಡವು. ನಾನು ಹೋಗುವಾಗ ಒಂದು ಉಪಕಾರ ಮಾಡೋಣವೆಂದು ಶಿರಸಿಯಲ್ಲಿ ಹುಡುಕಿ ಕೆಂಪು ರೇಷ್ಮೆ ಕೊಂಡೆ, ಅಜ್ಜಿ ಉಡುವ ಸೀರೆಯದೇ ಕೆಂಪು. ಮುತ್ತೈದೆಯರ ಹಸಿರು ಅವರ ಮೈಗೆ ತಾಗಿಕೊಂಡಿರುವುದು ಸರಿಯಲ್ಲ, ಹೇಳಲು ಸಂಕೋಚಪಟ್ಟಿರಬೇಕು ಎಂದು ನಾನೇ ಊಹಿಸಿಕೊಂಡಿದ್ದೆ.

ಅಜ್ಜಿ ನನ್ನನ್ನು ಒಳಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದರು. ಟೇಪು ಹಿಡಿದು ಹೆಗಲ ಅಳತೆ ತೆಗೆದೆ. ಅವರ ಹೆಗಲು ಎಷ್ಟು ಸಣ್ಣದೆಂದರೆ ನಾನು ಎರಡು ಸಲ ಅಳೆದೆ. "ಯನ್ನ ಅಳತೆ ತೆಗೆದದ್ದು ಮದುವೆ ರವಿಕೆಗೆ. ಆಮೇಲೆ ಇವತ್ತೇ" ಅಂದರು, ಯಾವುದೋ ಬೇರೆಯವರ ವಿಷಯ ಹೇಳುವ ಹಾಗೆ. ನಾನು ಚೀಲದಿಂದ ಕೆಂಪು ರೇಷ್ಮೆ ತೆಗೆದು, "ಅಸ್ತರ ಬದಲಾಯಿಸ್ತಿ ಅಜ್ಜೀ. ಇದು ನಿಂಗಕ್ಕೆ ಆಗ್ತು" ಎಂದೆ.

ಅವರು ಕೆಂಪು ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದರು. ಮಡಚಿ ನನ್ನ ಚೀಲದೊಳಗೇ ಇಟ್ಟರು.

"ಆ ಹಸಿರೇ ಇರ್ಲಿ" ಅಂದರು. ಚೀಲವನ್ನು ನನ್ನ ಕಡೆ ಸರಿಸಿ, "ಒಳಗಿಂದು ಯಾರಿಗೂ ಕಾಣ್ತಿಲ್ಲೆ, ಅಲ್ದನೇ?"

ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅಲ್ಲೇ ಕೂತು ಸಂಜೆಯ ತನಕ ಬಿಚ್ಚಿ, ಮಡಚಿ, ಕೋಟನ್ನು ಅವರ ಅಳತೆಗೆ ತಂದೆ. ತೊಡಿಸಲು ಎದ್ದರೆ ಬೇಡವೆಂದರು. ಈ ಸಲ ತೋಳು ಎಲ್ಲಿದೆಯೆಂದು ಅವರಿಗೆ ಗೊತ್ತಿತ್ತು. ತೊಟ್ಟುಕೊಂಡು, ಕಿಟಕಿಯ ಬೆಳಕಿಗೆ ತಿರುಗಿ, ಎರಡೂ ಅಂಚುಗಳನ್ನು ಬಿಡಿಸಿ ಹಿಡಿದು ತಲೆ ಬಗ್ಗಿಸಿ ಒಳಗೆ ನೋಡಿಕೊಂಡರು. ಆಮೇಲೆ ಕರಟದ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಕುತ್ತಿಗೆಯ ತನಕ ಹಾಕಿಕೊಂಡರು.